ಮೊದಲ ಆಟ ಯಾವುದು? : ಯಕ್ಷಗಾನ ಪ್ರಸಂಗಗಳ ಪ್ರವೇಶಕ್ರಮವನ್ನು ಕುರಿತು

ಕರಾವಳಿಯ ಜನಸಾಮಾನ್ಯರು ಯಕ್ಷಗಾನವನ್ನು ‘ಯಕ್ಷಗಾನ’ ಎಂದು ಕರೆದದ್ದು ಕಡಿಮೆ. ಅವರ ಪಾಲಿಗೆ ಅದು ‘ಆಟ’; ಬಯಲಾಟ, ಭಾಗವತರ ಆಟ, ದಶಾವತಾರ ಆಟ. ಎರಡು ಮೇಳಗಳು ಅಕ್ಕಪಕ್ಕದಲ್ಲಿ ಪೈಪೋಟಿಯಿಂದ ಕುಣಿದರೆ ಜೋಡಾಟ. ‘ಇವತ್ತು ರಾತ್ರಿ ಆಟ ಇದೆ’ ಎಂಬ ಮಾತನ್ನು ಅಂಕೋಲೆಯ ಹಿರಿಯರು ಇಂದಿಗೂ ಬೇರೆ ಅರ್ಥದಲ್ಲಿ ತೆಗೆದುಕೊಳ್ಳಲಾರರು. ಕಿರಿಯರಿಗೆ ಅದೇ ಪದ ಗಣಕಯಂತ್ರದ ಪರದೆಯ ಮೇಲಿನ ಆಟವನ್ನು ಮೊದಲು ನೆನಪಿಸುತ್ತದೆ. ಈ ಎರಡು ಅರ್ಥಗಳು ಒಂದೇ ಸಂಜೆ ಎದುರಾದ ಒಂದು ಸಂದರ್ಭದಿಂದ ಪ್ರಸ್ತುತ ಲೇಖನದ ಪ್ರಶ್ನೆ ರೂಪುಗೊಂಡಿದೆ. ಸಂಶೋಧನ ಲೇಖನವೊಂದು ಇಂಥ ಸಣ್ಣ ಘಟನೆಯಿಂದ ಆರಂಭವಾಗುವುದನ್ನು ಓದುಗರು ಕ್ಷಮಿಸಬೇಕು.

ಕಾರವಾರ ಸಮೀಪದ ಕದ್ವಾಡದಲ್ಲಿ ನಾನು ಬಾಡಿಗೆಗೆ ಇದ್ದ ಮನೆಯ ಯಜಮಾನರ ಮಗ ಪದವಿ ತರಗತಿಯ ವಿದ್ಯಾರ್ಥಿ. ಮನೆಮಾತು ಕೊಂಕಣಿ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ಆಟಗಳನ್ನು ಆಡಬೇಕೆಂದು ಹಂಬಲಿಸಿದ್ದ ಅವನು ಆರಂಭಿಸಲಾಗದೆ ಕುಳಿತಿದ್ದ. ‘ಡೆಮನ್ಸ್ ಸೋಲ್ಸ್’ (2009), ‘ಡಾರ್ಕ್ ಸೋಲ್ಸ್’ನ ಮೂರು ಭಾಗಗಳು (2011, 2014, 2016), ‘ಬ್ಲಡ್‌ಬೋರ್ನ್’ (2015), ‘ಸೆಕಿರೊ’ (2019), ‘ಎಲ್ಡೆನ್ ರಿಂಗ್’ (2022) — ರಾಕ್ಷಸರು, ಶಾಪಗ್ರಸ್ತ ಅರಸರು, ಪಾಳುಬಿದ್ದ ಕೋಟೆಗಳಿಂದ ತುಂಬಿದ ಈ ಆಟಗಳು ತಮ್ಮ ಕಾಠಿಣ್ಯಕ್ಕಾಗಿಯೇ ಪ್ರಸಿದ್ಧವಾದವು. “ಸರ್, ಏಳು ಆಟ ಉಂಟು. ಯಾವುದ್ರಿಂದ ಶುರು ಮಾಡೂದು ಅಂತ ಒಂದು ವಾರದಿಂದ ಯೋಚನೆ ಮಾಡ್ತಾ ಇದ್ದೇನೆ” ಎಂದ. ಅದೇ ವಾರ ನಾನೂ ಹೆಚ್ಚುಕಡಿಮೆ ಅದೇ ಯೋಚನೆಯಲ್ಲಿದ್ದೆ. ಯಕ್ಷಗಾನವನ್ನು ಎಂದೂ ನೋಡಿರದ ವಿದ್ಯಾರ್ಥಿಗಳಿಗೆ ಯಾವ ಪ್ರಸಂಗವನ್ನು ಮೊದಲು ಕೊಡಬೇಕು?

ಈ ಪ್ರಶ್ನೆ ಕಾರವಾರ ತಾಲೂಕಿನಲ್ಲಿ ಕೇವಲ ಬೋಧನಾವಿಧಾನದ ಪ್ರಶ್ನೆಯಲ್ಲ. ಗುಣವಂತೆಯ ಕೆರೆಮನೆ, ಕರ್ಕಿಯಂಥ ಕೇಂದ್ರಗಳಿರುವ ಹೊನ್ನಾವರದ ಕಡೆ ಮಕ್ಕಳು ತಾಯಿಯ ಮಡಿಲಲ್ಲಿ ನಿದ್ದೆ ಮಾಡುತ್ತಲೇ ಆಟದ ವ್ಯಾಕರಣವನ್ನು ಕಲಿಯುತ್ತಾರೆ. ಅಂಕೋಲೆಯ ಹಳ್ಳಿಗಳಲ್ಲಿಯೂ ಊರವರೇ ವೇಷ ಕಟ್ಟುವ ಆಟಗಳು ಉಳಿದಿವೆ. ಕಾಳಿ ನದಿಯ ದಂಡೆಗೆ ಬರುವಷ್ಟರಲ್ಲಿ ಈ ಸಹಜ ಪರಿಚಯ ತೆಳುವಾಗುತ್ತದೆ. ಇಲ್ಲಿ ಐಚ್ಛಿಕ ಕನ್ನಡವನ್ನು ಆಯ್ದುಕೊಳ್ಳುವ ವಿದ್ಯಾರ್ಥಿಗೆ ನಾವು ಕೊಡುವ ಮೊದಲ ಪ್ರಸಂಗವೇ ಕೊನೆಯ ಪ್ರಸಂಗವೂ ಆಗಬಹುದು. ನನ್ನ ತರಗತಿಯಲ್ಲಿ ಒಮ್ಮೆ ಹಾಗೆಯೇ ಆಯಿತು.

ಅತಿಥಿ ಉಪನ್ಯಾಸಕನಾಗಿದ್ದ ಮೊದಲ ವರ್ಷ ನಾನು ಆರಿಸಿದ್ದು ದೇವಿದಾಸನ ‘ಕೃಷ್ಣಸಂಧಾನ’ವನ್ನು. ಕಾರಣ ಸರಳವಾಗಿತ್ತು: ಅದು ಶ್ರೇಷ್ಠ ಪ್ರಸಂಗ, ಅದರ ಹಿಂದೆ ಕುಮಾರವ್ಯಾಸನಿದ್ದಾನೆ. ಆದರೆ ಶ್ರೇಷ್ಠವಾದುದು ಮೊದಲನೆಯದೂ ಆಗಬೇಕೆಂಬ ನಿಯಮವೇನೂ ಇಲ್ಲ. ಸಂಧಾನದಲ್ಲಿ ನಡೆಯುವ ಕ್ರಿಯೆ ಅತ್ಯಲ್ಪ. ಕೃಷ್ಣ ಹಸ್ತಿನಾವತಿಗೆ ಬರುತ್ತಾನೆ, ವಿದುರನ ಮನೆಯಲ್ಲಿ ಇಳಿದುಕೊಳ್ಳುತ್ತಾನೆ, ಸಭೆಗೆ ಹೋಗುತ್ತಾನೆ, ಮಾತು ಮುರಿದುಬೀಳುತ್ತದೆ. ಆಸನದಿಂದ ಏಳದ ಕೌರವನನ್ನು ಕೃಷ್ಣ ಹೆಬ್ಬೆರಳಿನಿಂದ ನೆಲವನ್ನೊತ್ತಿ ಉರುಳಿಸುವ ಸನ್ನಿವೇಶವನ್ನು ಬಿಟ್ಟರೆ ಕಣ್ಣಿಗೆ ಕಾಣುವಂಥದ್ದು ವಿರಳ. ಉಳಿದದ್ದೆಲ್ಲ ವಾದ. ಆ ವಾದದ ಒಂದೊಂದು ಮಾತೂ ಅರಗಿನ ಮನೆ, ದ್ಯೂತ, ವನವಾಸ, ಗೋಗ್ರಹಣಗಳನ್ನು ಕೇಳುಗ ಬಲ್ಲನೆಂದು ಭಾವಿಸಿಯೇ ಹುಟ್ಟುತ್ತದೆ. ಅರ್ಥಧಾರಿಯ ಕೊಂಕು ಕೇಳುಗನ ಪೂರ್ವಸ್ಮೃತಿಯ ಮೇಲೆ ನಿಂತಿದೆ. ಸ್ಮೃತಿಯಿಲ್ಲದವನಿಗೆ ಅದು ಇಬ್ಬರು ಗಂಡಸರ ದೀರ್ಘ ಜಗಳ. ನನ್ನ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗಾಗಿ ಓದಿದರು, ಬರೆದರು. ಮುಂದಿನ ವರ್ಷ ಅವರಲ್ಲಿ ಕೆಲವರು ಬೇರೆ ವಿಷಯಕ್ಕೆ ಹೊರಟುಹೋದರು.

ಈ ಸೋಲಿಗೆ ಪಂಚಾಂಗವೂ ಒಂದು ಕಾರಣವೆಂದು ನನಗೆ ತಿಳಿದದ್ದು ತಡವಾಗಿ. ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರಿನಿಂದ ಮೇ ತಿಂಗಳವರೆಗೆ. ನಮ್ಮ ಮೊದಲ ಷಣ್ಮಾಸ ಮಳೆಗಾಲದಲ್ಲಿ ಬೀಳುತ್ತದೆ. ಮಳೆಗಾಲ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಅರ್ಥ ಹೇಳುವುದಷ್ಟೇ. ತಾಳಮದ್ದಳೆಗೆ ಸಂಧಾನದಂಥ ಪ್ರಸಂಗಗಳೇ ಪ್ರಿಯ. ಹೀಗಾಗಿ ಹೊಸಬನ ಎದುರಿಗೆ ಮೊದಲು ಬರುವುದು ಬಣ್ಣ, ಹೆಜ್ಜೆಗಳನ್ನು ಕಳಚಿಟ್ಟ, ಬಲ್ಲವರಿಗಾಗಿಯೇ ಇರುವ ರೂಪ. ಪಠ್ಯಕ್ರಮವನ್ನು ರೂಪಿಸುವವರು ಇದನ್ನು ಗಮನಿಸಿದಂತೆ ತೋರುವುದಿಲ್ಲ.

ಕದ್ವಾಡದ ಹುಡುಗ ವಿವರಿಸಿದ ಸಂಗತಿಯೊಂದು ಇಲ್ಲಿ ನೆರವಿಗೆ ಬರುತ್ತದೆ. 2011ರ ‘ಡಾರ್ಕ್ ಸೋಲ್ಸ್’ನಲ್ಲಿ ಆಟಗಾರ ಆರಂಭದಲ್ಲೇ ಒಂದು ಪಾಳು ಗುಡಿಯ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಅಲ್ಲಿಂದ ದಾರಿಗಳು ಕವಲೊಡೆಯುತ್ತವೆ. ಒಂದು ದಾರಿ ಸ್ಮಶಾನದ ಕಡೆಗೆ. ಅರಿಯದವನು ಅತ್ತ ಹೋಗಿ ಅಸ್ಥಿಪಂಜರಗಳ ಕೈಯಲ್ಲಿ ಮತ್ತೆ ಮತ್ತೆ ಸಾಯುತ್ತಾನೆ. ‘ಇದು ನಿನಗೆ ಈಗ ತಕ್ಕ ದಾರಿಯಲ್ಲ’ ಎಂದು ಆಟ ಎಲ್ಲಿಯೂ ಹೇಳುವುದಿಲ್ಲ. ದಾರಿ ತಪ್ಪೂ ಅಲ್ಲ, ಮುಂದೊಂದು ದಿನ ಅದೇ ದಾರಿಯಲ್ಲಿ ಹೋಗಲೇಬೇಕು. ನನ್ನ ವಿದ್ಯಾರ್ಥಿಗಳನ್ನು ನಾನು ಕಳಿಸಿದ್ದು ಆ ಸ್ಮಶಾನಕ್ಕೆ ಎಂದು ಅನ್ನಿಸಿತು.

ಹಾಗಾದರೆ ಕ್ರಮ ಯಾವುದು? ವಿದ್ವತ್ತಿಗೆ ಒಪ್ಪುವ ಎರಡು ಕ್ರಮಗಳು ತಟ್ಟನೆ ಹೊಳೆಯುತ್ತವೆ. ಒಂದು ಕಥಾನುಕ್ರಮ: ಆದಿಪರ್ವದ ಪ್ರಸಂಗಗಳಿಂದ ಹೊರಟು ಗದಾಯುದ್ಧಕ್ಕೆ ಮುಟ್ಟುವುದು. ಆದರೆ ಯಾವ ಪ್ರೇಕ್ಷಕನೂ ಈ ಕ್ರಮದಲ್ಲಿ ಆಟ ನೋಡಿಲ್ಲ. ಇಂದು ಕೀಚಕವಧೆ, ಹದಿನೈದು ದಿನ ಬಿಟ್ಟು ಲವಕುಶ ಕಾಳಗ, ಮುಂದಿನ ವರ್ಷ ಅಭಿಮನ್ಯು ಕಾಳಗ. ಹರಕೆ ಹೊತ್ತವರ ಇಷ್ಟ, ಮೇಳದಲ್ಲಿರುವ ವೇಷಧಾರಿಗಳ ಬಲಾಬಲ ಇವೇ ಕ್ರಮವನ್ನು ನಿರ್ಧರಿಸಿದವು. ಇನ್ನೊಂದು ರಚನಾಕಾಲದ ಕ್ರಮ. ಇದು ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಕಡೆಗೆ ನಮ್ಮನ್ನು ಒಯ್ಯುತ್ತದೆ. ಆ ಪ್ರಸಂಗಗಳು ಪಾರ್ತಿಸುಬ್ಬನವೇ ಅಲ್ಲವೇ ಎಂಬ ಬಗ್ಗೆ ಶಿವರಾಮ ಕಾರಂತರೂ ಕುಕ್ಕಿಲ ಕೃಷ್ಣ ಭಟ್ಟರೂ ನಡೆಸಿದ ವಾದ ನಮ್ಮಂಥವರಿಗೆ ರುಚಿಕರ. ಚಂಡೆಯ ದನಿಯನ್ನೇ ಕೇಳದ ವಿದ್ಯಾರ್ಥಿಗೆ ಕರ್ತೃತ್ವದ ವ್ಯಾಜ್ಯವನ್ನು ಮೊದಲು ಬಡಿಸುವುದು ಉಪ್ಪಿನಕಾಯಿಯಿಂದಲೇ ಊಟ ಆರಂಭಿಸಿದಂತೆ.

ಪರದೆಯ ಆಟಗಳಲ್ಲಿಯೂ ‘ಬಂದ ಕ್ರಮದಲ್ಲಿ ಆಡಬೇಕು’ ಎಂಬ ವಾದವಿದೆ. ಆದರೆ ಈ ಏಳು ಆಟಗಳು ಒಂದೇ ಕಥೆಯ ಕಂತುಗಳಲ್ಲ. ‘ಡಾರ್ಕ್ ಸೋಲ್ಸ್’ನ ಮೂರು ಭಾಗಗಳ ನಡುವೆ ಸಂಬಂಧವಿದ್ದರೂ ಉಳಿದವು ಬೇರೆ ಬೇರೆ ಲೋಕಗಳಲ್ಲಿ ನಡೆಯುತ್ತವೆ. ಅಲ್ಲದೆ ‘ಡೆಮನ್ಸ್ ಸೋಲ್ಸ್’ ಮೊದಲು ಬಂದದ್ದು ಪ್ಲೇಸ್ಟೇಷನ್ 3 ಯಂತ್ರಕ್ಕೆ, ‘ಬ್ಲಡ್‌ಬೋರ್ನ್’ ಪ್ಲೇಸ್ಟೇಷನ್ 4ಕ್ಕೆ. ಮನೆಯಲ್ಲಿ ಗಣಕಯಂತ್ರವೊಂದೇ ಇರುವ ಹುಡುಗನಿಗೆ ಆ ಕ್ರಮ ಪ್ರಯೋಜನವಿಲ್ಲ. ಮೇಳ ಬಾರದ ಊರಿನವನು ಆ ಮೇಳದ ಆಟವನ್ನು ಮೊದಲು ನೋಡಲಾರ, ಇದೂ ಅಷ್ಟೇ.

ಸುಲಭವಾದುದನ್ನು ಮೊದಲು ಕೊಡಬೇಕೆಂಬ ಮೂರನೆಯ ಅಭಿಪ್ರಾಯ ಹೆಚ್ಚು ಜನಪ್ರಿಯ, ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯಕಾರಿ. ಇದರ ಫಲವಾಗಿ ಒಂದೂವರೆ ಗಂಟೆಗೆ ಇಳಿಸಿದ ಪ್ರದರ್ಶನಗಳನ್ನು ಕಾಲೇಜುಗಳಲ್ಲಿ ಏರ್ಪಡಿಸಲಾಗುತ್ತದೆ. ಕಾಲಮಿತಿಯ ಪ್ರಯೋಗಗಳಿಗೆ ನನ್ನ ವಿರೋಧವಿಲ್ಲ. ರಾತ್ರಿಯಿಡೀ ಕುಳಿತಿರುವ ಪ್ರೇಕ್ಷಕವರ್ಗ ಕರಗುತ್ತಿರುವಾಗ ಅವು ಅನಿವಾರ್ಯವೂ ಹೌದು. ಆದರೆ ಕತ್ತರಿ ಮೊದಲು ಬೀಳುವುದು ಪೂರ್ವರಂಗ ಮತ್ತು ಒಡ್ಡೋಲಗಗಳ ಮೇಲೆ. ಕಥೆ ತಿಳಿದವನಿಗೆ ಒಡ್ಡೋಲಗ ವಿಳಂಬವೆನಿಸಬಹುದು. ಹೊಸಬನಿಗಾದರೋ ಅದೇ ಪಾಠ. ತೆರೆಯ ಮರೆಯಲ್ಲಿ ಮೊದಲು ಕಿರೀಟದ ತುದಿ, ಬಳಿಕ ಬೆನ್ನು, ಕೈ, ಕೊನೆಗೆ ಮುಖ. ಕೇದಗೆ ಮುಂದಲೆ ತೊಟ್ಟು ಬಂದವನು ಅಭಿಮನ್ಯುವಿನಂಥ ತರುಣ ವೀರ, ಬಣ್ಣದ ವೇಷ ಬಂದರೆ ರಾಕ್ಷಸ, ಹೆಜ್ಜೆಯ ಗತಿಯಿಂದಲೇ ಪಾತ್ರದ ಸ್ವಭಾವ. ಯಾರೂ ಬಾಯಿಬಿಟ್ಟು ಹೇಳದ ಈ ನಿಯಮಗಳನ್ನು ಪ್ರೇಕ್ಷಕ ಕಲಿಯುವುದು ಆ ಅರ್ಧಗಂಟೆಯಲ್ಲಿ. ಅದನ್ನು ತೆಗೆದು ನೇರವಾಗಿ ಕಥೆಯನ್ನು ತೋರಿಸಿದರೆ ಆಟ ಸುಲಭವಾಗುವುದಿಲ್ಲ, ಮತ್ತಷ್ಟು ಅಪಾರದರ್ಶಕವಾಗುತ್ತದೆ.

ಮೊದಲ ಪ್ರಸಂಗಕ್ಕೆ ಬೇಕಾದದ್ದು ಕಾಠಿಣ್ಯದ ಅಭಾವವಲ್ಲವೆಂದು ನಾನು ಭಾವಿಸುತ್ತೇನೆ. ಅದು ತನ್ನ ನಿಯಮಗಳನ್ನು ತಾನೇ ಕಲಿಸುವಂತಿರಬೇಕು, ಹೊರಗಿನ ಸ್ಮೃತಿಯನ್ನು ಕಡಿಮೆ ಬೇಡಬೇಕು, ಮತ್ತು ಎರಡನೆಯ ಸಲ ನೋಡಲು ಏನನ್ನಾದರೂ ಉಳಿಸಿರಬೇಕು. ಕೊನೆಯದು ಮುಖ್ಯ. ಯಕ್ಷಗಾನದ ಪ್ರೇಕ್ಷಕ ಒಂದೇ ಪ್ರಸಂಗವನ್ನು ಹತ್ತಾರು ಸಲ ನೋಡಿ ಬಲ್ಲವನಾಗುತ್ತಾನೆ. ಮೊದಲ ಸಲ ಕಥೆ, ಆಮೇಲೆ ವೇಷಧಾರಿ, ಆಮೇಲೆ ಭಾಗವತಿಕೆ. ಸೋತು ಮರಳಿ ಬರುವ ಆಟಗಾರನ ಕಲಿಕೆಯೂ ಇಂಥದ್ದೇ.

ಈ ದೃಷ್ಟಿಯಿಂದ ನಾನು ಎರಡನೆಯ ಸಲ ಆರಿಸಿದ್ದು ‘ಚಂದ್ರಹಾಸ ಚರಿತ್ರೆ’ಯನ್ನು. ಇದರ ಆಕರವಾದ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಬಂಧವೇ ಹೊಸಬನಿಗೆ ಅನುಕೂಲಕರ. ಅಶ್ವಮೇಧದ ಕುದುರೆ ಹೋದಲ್ಲೆಲ್ಲ ಒಂದೊಂದು ಸ್ವಯಂಪೂರ್ಣ ಕಥೆ: ಸುಧನ್ವ, ಪ್ರಮೀಳೆ, ಬಭ್ರುವಾಹನ, ತಾಮ್ರಧ್ವಜ, ಚಂದ್ರಹಾಸ. ಕುರುಕ್ಷೇತ್ರದ ಲೆಕ್ಕಪತ್ರ ಆಗಲೇ ಮುಗಿದಿರುವುದರಿಂದ ಹಿಂದಿನದನ್ನು ತಿಳಿಯದವನೂ ಇಲ್ಲಿ ಪರಕೀಯನಲ್ಲ. ಚಂದ್ರಹಾಸನೂ ಹಾಗೆಯೇ ಎಲ್ಲಿಂದಲೋ ಬಂದ ಅನಾಥ. ಅವನನ್ನು ಕೊಲ್ಲಲೊಯ್ದವರು ಕನಿಕರಿಸಿ ಆರನೆಯ ಕಾಲ್ಬೆರಳನ್ನಷ್ಟೇ ಕತ್ತರಿಸಿ ಬಿಟ್ಟುಹೋಗುವುದು, ಕುಳಿಂದನ ಮನೆಯಲ್ಲಿ ಬೆಳೆಯುವುದು, ಮಂತ್ರಿ ದುಷ್ಟಬುದ್ಧಿ ಮಗ ಮದನನಿಗೆ ಬರೆದ ಮರಣದ ಓಲೆಯನ್ನು ಚಂದ್ರಹಾಸ ತಾನೇ ಹೊತ್ತು ಬಂದು ಉದ್ಯಾನದಲ್ಲಿ ನಿದ್ರಿಸುವುದು — ಇವೆಲ್ಲ ಟಿಪ್ಪಣಿಯಿಲ್ಲದೆ ತಿಳಿಯುತ್ತವೆ.

ಓಲೆಯ ಸನ್ನಿವೇಶ ಕನ್ನಡದ ತರಗತಿಗೆ ಹೇಳಿ ಮಾಡಿಸಿದಂತಿದೆ. ‘ವಿಷ’ವನ್ನು ಕೊಡು ಎಂದಿದ್ದ ಬರಹದಲ್ಲಿ ಮಂತ್ರಿಯ ಮಗಳು ಒಂದಕ್ಷರವನ್ನು ತಿದ್ದುತ್ತಾಳೆ, ‘ವಿಷಯೆ’ ಅವಳ ಹೆಸರು. ಸಾವಿನ ಆಜ್ಞೆ ಮದುವೆಯ ಆಜ್ಞೆಯಾಗುತ್ತದೆ. ಮನೆಯಲ್ಲಿ ಬೇರೆ ಭಾಷೆಯನ್ನಾಡುವ, ಕನ್ನಡದ ಒತ್ತು ದೀರ್ಘಗಳಿಗೆ ಸದಾ ಅಂಕ ಕಳೆದುಕೊಳ್ಳುವ ವಿದ್ಯಾರ್ಥಿಗಳು ಒಂದಕ್ಷರದಿಂದ ಒಂದು ಜೀವ ಉಳಿಯುವುದನ್ನು ಕೇಳಿ ನಕ್ಕರು, ಆಮೇಲೆ ಓಲೆಯ ವಾಕ್ಯವನ್ನು ತಾವೇ ಬರೆದು ತಿದ್ದಿ ನೋಡಿದರು. ‘ಕೃಷ್ಣಸಂಧಾನ’ದ ತಿಂಗಳುಗಳಲ್ಲಿ ಅವರು ಪಠ್ಯವನ್ನು ಹೀಗೆ ಕೈಗೆತ್ತಿಕೊಂಡದ್ದು ನನಗೆ ನೆನಪಿಲ್ಲ.

ಈ ಕಥೆ ಸೌಮ್ಯವೆಂದು ತಿಳಿಯಬೇಕಿಲ್ಲ. ಚಂದ್ರಹಾಸನಿಗೆಂದು ಕಾಳಿಯ ಗುಡಿಯಲ್ಲಿ ಒಡ್ಡಿದ ಬಲೆಗೆ ಮದನ ಬೀಳುತ್ತಾನೆ, ಮಗನ ಶವವನ್ನು ಕಂಡು ದುಷ್ಟಬುದ್ಧಿಯೂ ಸಾಯುತ್ತಾನೆ. ದುಷ್ಟಬುದ್ಧಿಯ ಪಾತ್ರಕ್ಕೆ ರಂಗದ ಮೇಲೆ ಎಷ್ಟು ಅವಕಾಶವಿದೆಯೆಂಬುದನ್ನು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ತೋರಿಸಿದ್ದರು. ಅವರ ಕೀಚಕ, ಭಸ್ಮಾಸುರರಷ್ಟೇ ದುಷ್ಟಬುದ್ಧಿಯೂ ಮಾತಾಗಿದ್ದ. ಖಳನೇ ಪ್ರಸಂಗವನ್ನು ಹೊರುತ್ತಾನೆಂಬುದು ಮೊದಲ ಸಲ ನೋಡಿದವನಿಗೆ ಹೊಳೆಯುವುದಿಲ್ಲ. ಎರಡನೆಯ ಸಲಕ್ಕೆ ಉಳಿಯುವುದು ಅದೇ.

ಆಕ್ಷೇಪಣೆಗಳಿಲ್ಲವೆಂದಲ್ಲ. ಚಂದ್ರಹಾಸನಲ್ಲಿ ಯುದ್ಧದ ಪದ್ಯಗಳ ಅಬ್ಬರ ಕಡಿಮೆ. ಇದನ್ನಷ್ಟೇ ನೋಡಿದವನು ಬಡಗುತಿಟ್ಟಿನ ವೀರರಸವನ್ನು ಅರಿಯದೆ ಹೋಗಬಹುದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಪರಂಪರೆಯಲ್ಲಿ ಬೆಳೆದ ಹಿರಿಯ ಪ್ರೇಕ್ಷಕರೊಬ್ಬರು ‘ಕಾಳಗವಿಲ್ಲದ ಆಟ ಮೊದಲ ಆಟವೇ?’ ಎಂದು ನನ್ನನ್ನು ಕೇಳಿದ್ದುಂಟು. ಅವರ ಮಾತಿನಲ್ಲಿ ನ್ಯಾಯವಿದೆ. ಆದುದರಿಂದ ಎರಡನೆಯ ಪ್ರಸಂಗ ಅದೇ ಆಕರದ ಸುಧನ್ವನ ಕಾಳಗವಾಗಬೇಕೆಂದೂ, ‘ಕೃಷ್ಣಸಂಧಾನ’ವನ್ನು ಮೂರನೆಯ ವರ್ಷಕ್ಕೆ, ಅದೂ ಮಳೆಗಾಲದ ತಾಳಮದ್ದಳೆಯೊಂದನ್ನು ಕೇಳಿಸಿದ ಮೇಲೆ, ಇಡಬೇಕೆಂದೂ ನನ್ನ ಸೂಚನೆ. ಪಠ್ಯವನ್ನು ಓದಿಸುವ ಮೊದಲು ಆಟವನ್ನು ಒಮ್ಮೆಯಾದರೂ ಪೂರ್ವರಂಗದಿಂದ ತೋರಿಸುವುದಕ್ಕಾಗಿ ಯಕ್ಷಗಾನದ ಘಟಕವನ್ನು ಎರಡನೆಯ ಷಣ್ಮಾಸಕ್ಕೆ ಸರಿಸುವುದು ಅಗತ್ಯ. ಇದಕ್ಕೆ ಅಭ್ಯಾಸ ಮಂಡಳಿಯ ಒಂದು ಸಭೆ ಸಾಕು.

ಕದ್ವಾಡದ ಹುಡುಗ ‘ಎಲ್ಡೆನ್ ರಿಂಗ್’ನಿಂದ ಆರಂಭಿಸಿದ. ಹೊರಗೆ ಕಾಲಿಟ್ಟೊಡನೆ ಕುದುರೆಯೇರಿದ ಬಂಗಾರದ ಕವಚದ ಭಟನೊಬ್ಬ ಎದುರಾಗುತ್ತಾನಂತೆ. ಅವನೊಡನೆ ಕಾದಿ ಎರಡು ಸಂಜೆ ಸತ್ತ ಮೇಲೆ, ಅವನನ್ನು ಬಳಸಿಕೊಂಡು ಮುಂದೆ ಹೋಗಬಹುದೆಂದೂ ಬಲ ಬಂದ ಮೇಲೆ ಮರಳಬಹುದೆಂದೂ ಹುಡುಗನಿಗೆ ತಿಳಿಯಿತು. ಕಳೆದ ಫೆಬ್ರವರಿಯಲ್ಲಿ ಅಂಕೋಲೆಯ ಕಡೆಯ ಒಂದು ಹಳ್ಳಿಯ ಆಟಕ್ಕೆ ಅವನನ್ನೂ ಕರೆದುಕೊಂಡು ಹೋಗಿದ್ದೆ. ನಡುರಾತ್ರಿ ನಿದ್ದೆಹೋದವನು ಚಂಡೆಯ ಪೆಟ್ಟಿಗೆ ಎಚ್ಚೆತ್ತು, ತೆರೆಯ ಹಿಂದೆ ಕಾಣುತ್ತಿದ್ದ ಬಣ್ಣದ ವೇಷದ ಕೈಯನ್ನು ನೋಡಿ, “ಇವ ರಾಕ್ಷಸ ಅಲ್ವಾ ಸರ್?” ಎಂದು ಕೇಳಿದ.