ನೀರಿನ ಬಿಲ್ ಓದೋಣ ಬನ್ನಿ: ರಾಜಾಜಿನಗರದಿಂದ ಕೆಂಗೇರಿವರೆಗೆ

ಕರೆಂಟ್ ಬಿಲ್ ಬಂದರೆ ಮನೆಮಂದಿಯೆಲ್ಲ ನೋಡ್ತೀವಿ. ಗೀಸರ್ ಯಾರು ಆಫ್ ಮಾಡಲಿಲ್ಲ ಅಂತ ಸಣ್ಣ ಜಗಳವೂ ಆಗುತ್ತೆ. ನೀರಿನ ಬಿಲ್ ಮಾತ್ರ ಕೆಳಗಿನ ಮೊತ್ತ ನೋಡಿ ಕಟ್ಟಿ, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಬಿಡೋ ಚೀಟಿ. ಆ ಚೀಟಿಯಲ್ಲಿ ನಮ್ಮ ಮನೆಯ ನೀರಿನ ಇಡೀ ಜಾತಕ ಇರುತ್ತೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯಿಂದ ಕಾಲೇಜಿಗೆ ಬರುವ ನಾವೆಲ್ಲ ಅದನ್ನು ಸಾಲುಸಾಲಾಗಿ ಓದಲು ಕಲಿತರೆ ದುಡ್ಡೂ ಉಳಿಯುತ್ತೆ, ನೀರೂ ಉಳಿಯುತ್ತೆ. ಈ ಸಂಚಿಕೆಯ ಪಾಠ ಅದೇ.

ನೀರು ಬರೋದು ಎಲ್ಲಿಂದ?

ಪಶ್ಚಿಮ ಬೆಂಗಳೂರಿಗೂ ಅರ್ಕಾವತಿಗೂ ಹಳೇ ನಂಟು. ಅರ್ಕಾವತಿ, ಕುಮುದ್ವತಿ ಕೂಡುವ ಕಡೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದಿಂದ 1933ರಿಂದ ನಗರಕ್ಕೆ ನೀರು ಬರುತ್ತಿತ್ತು. ಆ ನೀರು ಕುಡಿದವರಲ್ಲಿ ನಗರದ ಪಶ್ಚಿಮ ಭಾಗದವರೇ ಮುಖ್ಯ. ಬರುಬರುತ್ತಾ ನದಿಯ ಹರಿವು ಸೊರಗಿತು, ಕೊಳಚೆ ಸೇರಿತು. 2012ರ ಹೊತ್ತಿಗೆ ಅಲ್ಲಿಂದ ನೀರು ತರೋದೇ ನಿಂತುಹೋಯಿತು. ಈಗ ನಮ್ಮ ನಲ್ಲಿಗೆ ಬರುವುದು ಕಾವೇರಿ.

ಕಾವೇರಿ ಮೊದಲನೇ ಹಂತ ಮುಗಿದದ್ದು 1974ರಲ್ಲಿ. ನಾಲ್ಕು ಹಂತ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತದ್ದು ಇನ್ನೂ 77.5 ಕೋಟಿ ಲೀಟರ್. ಇದನ್ನು ಮುಖ್ಯವಾಗಿ ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗಾಗಿ ಯೋಜಿಸಿದ್ದು.

ಈ ನೀರು ತಾನಾಗಿ ಹರಿದು ಬರೋದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪ್ ಮಾಡಿ ಸುಮಾರು 100 ಕಿಲೋಮೀಟರ್ ದೂರದಿಂದ, ಒಟ್ಟು 500 ಮೀಟರಿನಷ್ಟು ಮೇಲೆತ್ತಬೇಕು. ಮೊದಲ ಸೆಮಿಸ್ಟರಿನ ಸೂತ್ರವನ್ನೇ ಹಾಕಿ ನೋಡೋಣ. ಒಂದು ಕಿಲೋಲೀಟರ್ ಅಂದರೆ 1000 ಲೀಟರ್, ಅಂದರೆ 1000 ಕೆ.ಜಿ. ಅದನ್ನು 9.8ರಿಂದ, ಆಮೇಲೆ 500ರಿಂದ ಗುಣಿಸಿದರೆ 49 ಲಕ್ಷ ಜೂಲ್, ಸುಮಾರು 1.36 ಯೂನಿಟ್ ವಿದ್ಯುತ್. ಪಂಪಿನ ದಕ್ಷತೆ ಶೇ 75 ಅಂತ ಹಿಡಿದರೆ 1.8 ಯೂನಿಟ್. ಯೂನಿಟ್‌ಗೆ 5 ರೂಪಾಯಿ ಅಂದುಕೊಂಡರೂ 1000 ಲೀಟರಿಗೆ ಬರೀ ಎತ್ತೋ ಖರ್ಚೇ 9 ರೂಪಾಯಿ. ಈ 9ನ್ನು ನೆನಪಿಟ್ಟುಕೊಳ್ಳಿ.

ಬಿಲ್ಲಿನ ಸಾಲುಗಳು

ಮೊದಲು ಆರ್.ಆರ್. ನಂಬರ್. ಜಲಮಂಡಳಿಯ ಲೆಕ್ಕದಲ್ಲಿ ಅದೇ ನಿಮ್ಮ ಸಂಪರ್ಕದ ಗುರುತು. ದೂರು ಕೊಡೋಕೂ, ಆನ್‌ಲೈನಲ್ಲಿ ಕಟ್ಟೋಕೂ ಅದೇ ಬೇಕು. ಆಮೇಲೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್. ಎರಡರ ವ್ಯತ್ಯಾಸವೇ ಆ ತಿಂಗಳ ಬಳಕೆ. ಇದರ ಮೇಲೆ ನೀರಿನ ಶುಲ್ಕ, ಒಳಚರಂಡಿ ಶುಲ್ಕ, ಮೀಟರ್ ಶುಲ್ಕ. ಹಳೇದು ಉಳಿದಿದ್ದರೆ ಬಾಕಿ ಮತ್ತು ಬಡ್ಡಿ.

ಮನೆಯಲ್ಲಿ ಬೋರ್‌ವೆಲ್ ಇದ್ದರೆ ಅದಕ್ಕೂ ಒಂದು ಸಾಲು. "ನಮ್ಮ ಬೋರ್ ನೀರಿಗೆ ಇವರಿಗ್ಯಾಕೆ ದುಡ್ಡು?" ಅಂತ ಹಿರಿಯರು ರೇಗೋದುಂಟು. ಅದು ನೀರಿನ ಬೆಲೆಯಲ್ಲ. ಬೋರ್ ನೀರಾದರೂ ಸ್ನಾನ, ಪಾತ್ರೆ ಮುಗಿದ ಮೇಲೆ ಹೋಗುವುದು ಮಂಡಳಿಯ ಒಳಚರಂಡಿಗೇ ತಾನೆ? ಅದರ ಶುಲ್ಕ ಅದು.

ಬಿಲ್ ಬಂದ ದಿನ ಮಾಡಬೇಕಾದ್ದು ಇಷ್ಟು: ಮೀಟರ್ ಹತ್ತಿರ ಹೋಗಿ ಅಂಕಿ ನೋಡಿ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಕಿಲೋಲೀಟರ್, ಕೆಂಪು ಅಂಕಿಗಳು ಅದಕ್ಕಿಂತ ಕಮ್ಮಿಯ ಲೀಟರ್. ಬಿಲ್ಲಿನ ರೀಡಿಂಗಿಗೂ ಮೀಟರಿನ ಅಂಕಿಗೂ ತಾಳೆ ಆಗಬೇಕು. ಮನೆ ಬೀಗ ಹಾಕಿತ್ತು ಅಂತಲೋ, ಮೀಟರ್ ನಿಂತಿದೆ ಅಂತಲೋ ಸರಾಸರಿ ಬಿಲ್ ಬರುತ್ತಿದ್ದರೆ ಸುಮ್ಮನಿರಬೇಡಿ. ನಾಲ್ಕು ತಿಂಗಳು ಸರಾಸರಿಯಲ್ಲಿ ಓಡಿ, ಐದನೇ ತಿಂಗಳು ನಿಜವಾದ ರೀಡಿಂಗ್ ಬಂದಾಗ ಮೊತ್ತ ಒಟ್ಟಿಗೇ ಮೈಮೇಲೆ ಬೀಳುತ್ತೆ.

ಸ್ಲ್ಯಾಬ್ ಲೆಕ್ಕ

2014ರ ನವೆಂಬರಿನಿಂದ ಹತ್ತು ವರ್ಷಕ್ಕೂ ಮಿಕ್ಕಿ ಇದ್ದ ಗೃಹಬಳಕೆ ದರ ಹೀಗಿತ್ತು:

8,000 ಲೀಟರ್‌ವರೆಗೆ ಕಿಲೋಲೀಟರಿಗೆ 7 ರೂ.
8,001ರಿಂದ 25,000: 11 ರೂ.
25,001ರಿಂದ 50,000: 26 ರೂ.
50,000ಕ್ಕೆ ಮೇಲೆ: 45 ರೂ.

2025ರ ಏಪ್ರಿಲ್‌ನಲ್ಲಿ ಇದು ಏರಿತು. ಕೆಳಗಿನ ಸ್ಲ್ಯಾಬಿನಲ್ಲಿ ಲೀಟರಿಗೆ 0.15 ಪೈಸೆ, ಮೇಲಿನದರಲ್ಲಿ 1 ಪೈಸೆವರೆಗೆ ಏರಿಕೆ. ಜೊತೆಗೆ ಪ್ರತಿವರ್ಷ ಏಪ್ರಿಲ್‌ನಲ್ಲಿ ಶೇ 3 ಹೆಚ್ಚಳ ಅಂತಲೂ ಮಂಡಳಿ ಹೇಳಿತು. ಹಾಗಾಗಿ ಅಂಕಿಗಳು ವರ್ಷವರ್ಷ ಬದಲಾಗುತ್ತವೆ, ಲೆಕ್ಕದ ದಾರಿ ಬದಲಾಗೋದಿಲ್ಲ. ಗುಣಿಸಲು ಸುಲಭ ಅಂತ ಹಳೇ ದರದಲ್ಲೇ ಕಲಿಯೋಣ. ನಿಮ್ಮ ಬಿಲ್ಲಿನ ಈಗಿನ ದರವನ್ನು ಅದೇ ಜಾಗದಲ್ಲಿ ಇಟ್ಟರೆ ಆಯಿತು.

ಒಂದು ಮನೆ ತಿಂಗಳಿಗೆ 20,000 ಲೀಟರ್ ಬಳಸಿತು ಅನ್ನಿ. ಮೊದಲ 8 ಕಿಲೋಲೀಟರಿಗೆ 56 ರೂ., ಉಳಿದ 12ಕ್ಕೆ 132 ರೂ. ಒಟ್ಟು 188. ಅದರ ಕಾಲುಭಾಗ, ಅಂದರೆ 47 ರೂ., ಒಳಚರಂಡಿ ಶುಲ್ಕ. ಸ್ಲ್ಯಾಬ್ ದಾಟಿದರೆ ಪೂರ್ತಿ ನೀರಿಗೂ ಹೆಚ್ಚಿನ ದರ ಬೀಳುತ್ತೆ ಅನ್ನೋ ನಂಬಿಕೆ ತಪ್ಪು. ದಾಟಿದಷ್ಟಕ್ಕೆ ಮಾತ್ರ. 25 ಕಿಲೋಲೀಟರಿಗೆ 243 ರೂ. ಆದರೆ 26ಕ್ಕೆ 269.

ಈಗ ಆ 9 ರೂಪಾಯಿಗೆ ಬನ್ನಿ. 7 ರೂಪಾಯಿಗೆ ಕೊಟ್ಟ ನೀರು, ಎತ್ತಿದ ಕರೆಂಟಿನ ಖರ್ಚನ್ನೂ ಹುಟ್ಟಿಸುತ್ತಿರಲಿಲ್ಲ. ಹೆಚ್ಚು ಬಳಸುವವರು ಹೆಚ್ಚು ಕೊಟ್ಟು, ಕುಡಿಯೋಕೆ ಅಡುಗೆಗೆ ಬೇಕಾದಷ್ಟು ನೀರು ಎಲ್ಲರಿಗೂ ಅಗ್ಗವಾಗಿರಲಿ ಅನ್ನೋದು ಸ್ಲ್ಯಾಬಿನ ನ್ಯಾಯ. ಇನ್ನೊಂದು ಹೋಲಿಕೆ: 2024ರ ಬೇಸಿಗೆಯ ಬರದಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿದಾಗ, 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ. ಅಂದರೆ ಕಿಲೋಲೀಟರಿಗೆ 100 ರೂಪಾಯಿ. ನಲ್ಲಿ ನೀರಿನ ಹದಿನಾಲ್ಕು ಪಟ್ಟು! ಪೈಪ್ ಇಲ್ಲದ ಬಡಾವಣೆಯವರಿಗೆ ಆಗ ನಿಗದಿಯಾಗಿದ್ದು ಈ ಬೆಲೆ.

ಒಂದು ಮೀಟರ್, ನಾಲ್ಕು ಮನೆ

ಸ್ಲ್ಯಾಬಿನ ನ್ಯಾಯ ತಲೆಕೆಳಗಾಗುವ ಜಾಗವೂ ಒಂದಿದೆ. ವಿಜಯನಗರ, ಬಸವೇಶ್ವರನಗರದ ಎಷ್ಟೋ ಸೈಟುಗಳಲ್ಲಿ ಮೇಲೆ ಕೆಳಗೆ ಸೇರಿ ನಾಲ್ಕೈದು ಬಾಡಿಗೆ ಮನೆ, ನೀರಿನ ಮೀಟರ್ ಮಾತ್ರ ಒಂದೇ. ನಾಲ್ಕು ಸಂಸಾರ ತಲಾ 10,000 ಲೀಟರ್ ಬಳಸಿದರೆ ಒಟ್ಟು 40,000. ಮಂಡಳಿಯ ದಾಖಲೆಯಲ್ಲಿ ಅದು ಒಂದೇ ಮನೆ ಅಂತ ಲೆಕ್ಕವಾದರೆ 56 + 187 + 390, ಒಟ್ಟು 633 ರೂ. ಬೇರೆಬೇರೆ ಲೆಕ್ಕವಾದರೆ ಮನೆಗೆ 78ರಂತೆ 312 ರೂ. ಹಿತಮಿತವಾಗಿ ಬಳಸಿದವರೇ ದುಪ್ಪಟ್ಟು ಕೊಟ್ಟ ಹಾಗಾಯಿತು.

ಹಾಗಾಗಿ ಬಾಡಿಗೆ ಮನೆಯಲ್ಲಿ, ಪಿ.ಜಿ.ಯಲ್ಲಿ ಇರುವ ಗೆಳೆಯರೇ, "ನೀರಿಗೆ ಇಷ್ಟು" ಅಂದಾಗ ಬಿಲ್ ತೋರಿಸಿ ಅಂತ ವಿನಯದಿಂದಲೇ ಕೇಳಿ. ಮಾಲೀಕರ ಮನೆಯವರೂ ತಮ್ಮ ಸಂಪರ್ಕದಲ್ಲಿ ಎಷ್ಟು ಮನೆ ಅಂತ ದಾಖಲಾಗಿದೆ ಎಂದು ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಬೇಕು. ಜಗಳದ ಮಾತಲ್ಲ ಇದು, ಲೆಕ್ಕದ ಮಾತು.

ಸೋರಿಕೆ ಎಲ್ಲಿದೆ?

ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರ್ ನೋಡಿ ಅಂತ ಬೇರೆ ಊರಿನವರು ಹೇಳೋ ಪರೀಕ್ಷೆ ನಮಗೆ ನಡೆಯಲ್ಲ. ನಮ್ಮಲ್ಲಿ ನೀರು ಮೀಟರ್ ದಾಟಿ ಮೊದಲು ಸಂಪಿಗೆ, ಸಂಪಿನಿಂದ ಮೋಟಾರಲ್ಲಿ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ. ಆದ್ದರಿಂದ ಮೂರು ಹಂತದ ಪರೀಕ್ಷೆ ಬೇಕು.

ಒಂದು: ನೀರು ಬಿಟ್ಟ ಹೊತ್ತಲ್ಲಿ ಸಂಪಿನ ವಾಲ್ವ್ ಮುಚ್ಚಿ. ಆಗಲೂ ಮೀಟರ್ ಮುಳ್ಳು ತಿರುಗುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವೆ ಪೈಪ್ ಒಡೆದಿದೆ.

ಎರಡು: ನೀರು ಬಾರದ ರಾತ್ರಿ ಮೋಟಾರ್ ಹಾಕದೆ ಸಂಪಿನ ಗೋಡೆಗೆ ಚಾಕ್‌ಪೀಸಿನ ಗೆರೆ ಎಳೆಯಿರಿ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಸಂಪಿನಲ್ಲಿ ಬೆಳಗ್ಗೆ ಎರಡೂವರೆ ಸೆಂಟಿಮೀಟರ್ ಇಳಿದಿದ್ದರೆ 75 ಲೀಟರ್ ಮಣ್ಣುಪಾಲು. ತಿಂಗಳಿಗೆ 2,250 ಲೀಟರ್.

ಮೂರು: ತೊಟ್ಟಿಕ್ಕುವ ನಲ್ಲಿ ಕೆಳಗೆ ಲೀಟರ್ ಬಾಟಲಿ ಇಡಿ. ಒಂದು ಗಂಟೆಗೆ ತುಂಬಿದರೆ ತಿಂಗಳಿಗೆ 720 ಲೀಟರ್. ಇಪ್ಪತ್ತು ರೂಪಾಯಿ ವಾಷರಿನ ಕೆಲಸ. ಸಂಪಿನ ಫ್ಲೋಟ್ ವಾಲ್ವ್ ಕೆಟ್ಟಿದ್ದರಂತೂ ನಡುರಾತ್ರಿ ನೀರು ಬಿಟ್ಟಾಗ ತುಂಬಿ ಹರಿಯೋದು ಯಾರಿಗೂ ಗೊತ್ತಾಗೋದೇ ಇಲ್ಲ, ಮೀಟರಿಗೆ ಮಾತ್ರ ಗೊತ್ತಾಗುತ್ತೆ.

ಬಳಸಿದ ನೀರು ಹೋಗೋದು ಎಲ್ಲಿಗೆ?

ಒಳಚರಂಡಿ ಶುಲ್ಕಕ್ಕೆ ನಮ್ಮ ಕಡೆ ಒಂದು ಹೆಸರಿದೆ: ವೃಷಭಾವತಿ. ನಗರದ ಪಶ್ಚಿಮದ ಕೊಳಚೆಯೆಲ್ಲ ಇಳಿಯುವುದು ಈ ಕಣಿವೆಗೆ. ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ. ಮೈಸೂರು ರಸ್ತೆಯ ಪಕ್ಕದಲ್ಲೇ ಮಂಡಳಿಯ ಶುದ್ಧೀಕರಣ ಘಟಕ ಇದ್ದರೂ ಹೊಳೆಯ ವಾಸನೆ ಬಸ್ಸಿನ ಕಿಟಕಿಯಿಂದಲೇ ನಮಗೆ ಪರಿಚಯ. ಬೈರಮಂಗಲದ ರೈತರು ಬೆಳೆಗೆ ಹಾಯಿಸುವುದು ಇದೇ ನೀರು. ಮಳೆನೀರಿನ ಪೈಪನ್ನು ಒಳಚರಂಡಿಗೆ ಜೋಡಿಸಿದರೆ ಮ್ಯಾನ್‌ಹೋಲ್ ಉಕ್ಕುವುದೂ, ಶುದ್ಧವಾಗದ ನೀರು ಹೊಳೆಗೆ ಹೋಗುವುದೂ ಅದರಿಂದಲೇ. ಮಳೆನೀರು ಹೋಗಬೇಕಾದ್ದು ಸಂಪಿಗೆ ಅಥವಾ ಇಂಗುಗುಂಡಿಗೆ. 2009ರಿಂದ ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ, ಮಾಡದಿದ್ದರೆ ದಂಡವೂ ಬಿಲ್ಲಿನಲ್ಲೇ ಸೇರಿ ಬರುತ್ತೆ. ಹೇಗೆ ಮಾಡೋದು ಅಂತ ಕಣ್ಣಾರೆ ನೋಡಬೇಕಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಉದ್ಯಾನ ಇದೆ.

ಬಿಲ್ ತಪ್ಪಿದ್ದರೆ

ಮೀಟರಿನ ಫೋಟೋ ತೆಗೆಯಿರಿ, ಹಿಂದಿನ ಮೂರು ಬಿಲ್ ಜೊತೆಗಿಡಿ, ಉಪವಿಭಾಗದ ಕಚೇರಿಗೆ ಬರಹದಲ್ಲೇ ದೂರು ಕೊಡಿ. ಫೋನಾದರೆ 1916. ಅಲ್ಲಿ ಪರಿಹಾರ ಸಿಗದಿದ್ದರೆ ಮಂಡಳಿಯೇ ನಡೆಸುವ ನೀರಿನ ಅದಾಲತ್ ಇದೆ. ಬರೀ "ಜಾಸ್ತಿ ಬಂದಿದೆ ಸಾರ್" ಅನ್ನೋದಕ್ಕಿಂತ "ಇಂಥ ತಾರೀಖಿಗೆ ರೀಡಿಂಗ್ ಇಷ್ಟಿತ್ತು" ಅನ್ನೋ ಮಾತಿಗೆ ತೂಕ ಹೆಚ್ಚು.

ನಮ್ಮ ಸಂಘದ ಕಡೆಯಿಂದ ಒಂದು ಮನೆಗೆಲಸ: ಒಂದು ತಿಂಗಳು, ಪ್ರತಿ ಭಾನುವಾರ ಬೆಳಗ್ಗೆ ನಿಮ್ಮ ಮನೆ ಮೀಟರಿನ ಅಂಕಿ ಬರೆದಿಡಿ. ನಾಲ್ಕು ವಾರಕ್ಕೆ ಮನೆಯಲ್ಲಿ ತಲೆಗೆ ಎಷ್ಟು ಲೀಟರ್ ಅಂತ ಗೊತ್ತಾಗುತ್ತೆ. ನಗರಗಳ ನೀರಿನ ಯೋಜನೆಯಲ್ಲಿ ದಿನಕ್ಕೆ ತಲಾ 135 ಲೀಟರ್ ಅಂತ ಹಿಡಿಯುವುದುಂಟು. ನಿಮ್ಮ ಲೆಕ್ಕ ಅದಕ್ಕಿಂತ ಮೇಲಿದ್ದರೆ ಚಾಕ್‌ಪೀಸ್ ಹಿಡಿದು ಸಂಪಿನ ಮುಚ್ಚಳ ತೆಗೆಯಿರಿ.