ಮೆದುಳಿನ ರಕ್ತನಾಳದ ಕೋಶಗಳನ್ನು ಬೇರ್ಪಡಿಸುವ ಬಗೆ: ‘ಅಂಗಾಂಶಗಳು’ ಅಧ್ಯಾಯಕ್ಕೊಂದು ವಿಸ್ತರಣಾ ಪಾಠ

ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಅಧ್ಯಾಯವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಬಹುಮಟ್ಟಿಗೆ ಒಂದೇ ರೀತಿ ಬೋಧಿಸುತ್ತಾರೆ: ವ್ಯಾಖ್ಯೆ, ಚಿತ್ರಪಟ, ಭಾಗಗಳನ್ನು ಗುರುತಿಸುವುದು, ವ್ಯತ್ಯಾಸಗಳ ಕೋಷ್ಟಕ. ಮಕ್ಕಳು ಸರಿಯಾಗಿಯೇ ಉತ್ತರಿಸುತ್ತಾರೆ. ಆದರೆ ಅಂಟಿಕೊಂಡು ಕೂತಿರುವ ನಾನಾ ಬಗೆಯ ಕೋಶಗಳಲ್ಲಿ ‘ಈ ಕೆಲಸ ಈ ಕೋಶದ್ದು’ ಎಂದು ಗೊತ್ತಾದದ್ದು ಹೇಗೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಇಲ್ಲ. ಆ ಒಂದು ಪ್ರಶ್ನೆಗಾಗಿ ಈ ವರ್ಷದ ಬೋಧನಾಭ್ಯಾಸದಲ್ಲಿ ನಾನು ಎರಡು ಅವಧಿಗಳ ಮಾದರಿ ಪಾಠ ತೆಗೆದುಕೊಂಡೆ. ಆರಿಸಿಕೊಂಡ ವಿಷಯ ಮೆದುಳಿನ ಲೋಮನಾಳ.

ಪೀಠಿಕೆಗೆ ಎರಡು ಹಳೆಯ ಪ್ರಯೋಗಗಳು ಸಾಕಾದವು. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ಬೇರೆ ಅಂಗಗಳಿಗೆ ಬಣ್ಣ ಹಿಡಿಯಿತು, ಮೆದುಳು ಬಿಳಿಯಾಗಿಯೇ ಉಳಿಯಿತು. ಮೆದುಳಿಗೆ ಬಣ್ಣ ಹಿಡಿಯುವ ಗುಣವಿಲ್ಲ ಎಂಬುದು ಅವರ ವಿವರಣೆ. ಅವರ ಶಿಷ್ಯ ಗೋಲ್ಡ್‌ಮನ್ 1913ರಲ್ಲಿ ಅಂಥದೇ ಬಣ್ಣವನ್ನು ಮೆದುಳನ್ನು ಸುತ್ತುವರಿದ ದ್ರವಕ್ಕೇ ಹಾಕಿದಾಗ ಮೆದುಳು ನೀಲಿಯಾಯಿತು. ‘ಹಾಗಾದರೆ ಬಣ್ಣವನ್ನು ತಡೆದದ್ದು ಯಾವುದು?’ ಎಂದೆ. ಹಿಂದಿನ ಸಾಲಿನ ಹುಡುಗಿ ಎದ್ದು, ‘ರಕ್ತದ ಪೈಪೇ ತಡೆದಿರಬೇಕು ಸರ್’ ಎಂದಳು. ಮುಂದಿನ ಪಾಠಕ್ಕೆ ಬೇಕಾಗಿದ್ದ ಊಹೆ ಅದೇ.

ಆ ‘ಪೈಪಿನ’ ಗೋಡೆಯಲ್ಲಿ ಎಂಡೋಥೀಲಿಯಲ್ ಕೋಶಗಳ ಒಂದೇ ಪದರವಿದೆ. ಅದನ್ನು ಹೊರಗಿನಿಂದ ಅಪ್ಪಿಕೊಂಡವು ಪೆರಿಸೈಟ್‌ಗಳು. ಅವುಗಳ ಆಚೆಯಿಂದ ಪಾದ ಚಾಚಿ ನಾಳವನ್ನು ಸುತ್ತುವರಿದವು ನಕ್ಷತ್ರಾಕಾರದ ಆಸ್ಟ್ರೋಸೈಟ್‌ಗಳು. ಈ ಮೂರನ್ನೂ ಕಪ್ಪುಹಲಗೆಯ ಮೇಲೆ ಮೂರು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ‘ಇವನ್ನು ಬೇರೆ ಬೇರೆ ಮಾಡಬೇಕು, ಹೇಗೆ?’ ಎಂದು ಕೇಳಿದೆ. ಪ್ರಯೋಗಾಲಯದ ವಿಧಾನವನ್ನು ಹಂತ ಒಂದು, ಹಂತ ಎರಡು ಎಂದು ಹೇಳಿ ಬರೆಸಿದರೆ ಈ ಪಾಠ ಸತ್ತಂತೆ. ಪ್ರತಿ ಹಂತದಲ್ಲೂ ಉಳಿದದ್ದೇನು, ಹೋದದ್ದೇನು, ಯಾವ ಗುಣದ ಆಧಾರದ ಮೇಲೆ ಎಂದು ಮಕ್ಕಳೇ ಹೇಳಬೇಕು.

ಇಲಿಯ ಮೆದುಳಿನ ಹೊರಪದರವನ್ನು ತೆಗೆದುಕೊಂಡು, ಮೇಲಿನ ಪೊರೆ ಬಿಡಿಸಿ, ಸಣ್ಣಗೆ ಕೊಚ್ಚಿ, ಕೊಲಾಜಿನೇಸ್ ಎಂಬ ಕಿಣ್ವದೊಡನೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಕೋಶಗಳ ನಡುವಿನ ಕಟ್ಟು ಸಡಿಲವಾಗುತ್ತದೆ. ಮಾಂಸ ಬೇಗ ಮೆತ್ತಗಾಗಲು ಪರಂಗಿಕಾಯಿ ಹಚ್ಚುವುದನ್ನು ಇಬ್ಬರು ಮಕ್ಕಳು ತಾವಾಗಿ ನೆನಪಿಸಿದರು. ಕಿಣ್ವ ಬೇರೆ, ಕೆಲಸ ಒಂದೇ ಜಾತಿಯದು.

ಇನ್ನು ಮಯಲಿನ್. ನರತಂತುಗಳ ಈ ಕೊಬ್ಬಿನ ಹೊದಿಕೆ ಮೆದುಳಿನಲ್ಲಿ ಹೇರಳವಾಗಿದೆ, ನಾಳಗಳಿಗೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಪ್ರಾತ್ಯಕ್ಷಿಕೆ ಮಾಡಿದೆ. ಲೋಟದ ನೀರಿಗೆ ಹಾಕಿದ ಮೊಟ್ಟೆ ಮುಳುಗಿತು; ಉಪ್ಪು ಕರಗಿಸುತ್ತ ಹೋದಂತೆ ಮೇಲೆದ್ದಿತು. (ಮೊಟ್ಟೆ ಬೇಡವೆನ್ನುವ ಶಾಲೆಯಲ್ಲಿ ಆಲೂಗಡ್ಡೆ ನಡೆಯುತ್ತದೆ.) ಪ್ರಯೋಗಾಲಯದಲ್ಲಿ ಉಪ್ಪುನೀರಿನ ಜಾಗದಲ್ಲಿ ಶೇ. 20ರ ಆಲ್ಬುಮಿನ್ ದ್ರಾವಣ. ಅದನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದರೆ ಮಯಲಿನ್ ಬೆಣ್ಣೆಯಂತೆ ಮೇಲೆ ಕಟ್ಟಿಕೊಳ್ಳುತ್ತದೆ, ನಾಳದ ತುಣುಕುಗಳು ತಳ ಸೇರುತ್ತವೆ. ತಳದ್ದನ್ನು ಮತ್ತೆ ಕಿಣ್ವಕ್ಕೆ ಒಡ್ಡಿ, ಪರ್ಕಾಲ್ ಎಂಬ ಇನ್ನೊಂದು ದ್ರಾವಣದಲ್ಲಿ ತಿರುಗಿಸಿ, ಕೆಂಪು ರಕ್ತಕಣ ಮೊದಲಾದವನ್ನು ಕಳೆದು, ಕೊಲಾಜನ್ ಲೇಪಿಸಿದ ತಟ್ಟೆಯಲ್ಲಿ ಬೆಳೆಸುತ್ತಾರೆ.

ಆದರೂ ಪೆರಿಸೈಟ್‌ಗಳು ನಾಳದ ತುಣುಕಿಗೆ ಅಂಟಿಕೊಂಡೇ ಬಂದಿರುತ್ತವೆ. ನನಗೆ ಈ ವಿಧಾನದಲ್ಲಿ ಎಲ್ಲಕ್ಕಿಂತ ಇಷ್ಟವಾದ ಘಟ್ಟ ಇದು. ಬೆಳೆಸುವ ದ್ರವಕ್ಕೆ ಪ್ಯೂರೋಮೈಸಿನ್ ಎಂಬ ವಿಷವನ್ನು ಸೇರಿಸುತ್ತಾರೆ. ಒಳಬಂದ ಅನ್ಯವಸ್ತುವನ್ನು ಹೊರದಬ್ಬುವ ಪಂಪುಗಳು ಮೆದುಳಿನ ಎಂಡೋಥೀಲಿಯಲ್ ಕೋಶದಲ್ಲಿ ಹೇರಳವಾಗಿರುವುದರಿಂದ ಅದು ಬದುಕುತ್ತದೆ, ಪೆರಿಸೈಟ್ ಸಾಯುತ್ತದೆ. ಮೆದುಳನ್ನು ಕಾಯುವ ಗುಣವೇ ಕೋಶವನ್ನು ಆರಿಸುವ ಜರಡಿಯೂ ಆಯಿತು. ಪೆರಿಸೈಟ್ ಬೇಕೆಂದರೆ ವಿಷವನ್ನು ಕೈಬಿಟ್ಟು, ಅದೇ ತುಣುಕುಗಳನ್ನು ಹೆಚ್ಚು ದಿನ ಬೆಳೆಸುತ್ತಾರೆ; ಕ್ರಮೇಣ ಪೆರಿಸೈಟ್‌ಗಳದೇ ಮೇಲುಗೈ. ಆಸ್ಟ್ರೋಸೈಟ್‌ಗಳನ್ನು ಎಳೆಯ ಮರಿಗಳ ಮೆದುಳಿನಿಂದ ಪಡೆಯುತ್ತಾರೆ. ಅವು ತಟ್ಟೆಯ ತಳಕ್ಕೆ ಗಟ್ಟಿಯಾಗಿ ಅಂಟಿರುವುದರಿಂದ ಅಲುಗಾಡಿಸಿದಾಗ ಮೇಲಿರುವ ಬೇರೆ ಕೋಶಗಳು ಕಳಚಿಕೊಳ್ಳುತ್ತವೆ.

‘ಸರ್, ಆ ಇಲಿ ಏನಾಯ್ತು?’ ಎಂಬ ಪ್ರಶ್ನೆ ಮೊದಲ ಅವಧಿಯಲ್ಲೇ ಬಂತು. ಪಾಠ ವೀಕ್ಷಿಸುತ್ತಿದ್ದ ಪ್ರಶಿಕ್ಷಣಾರ್ಥಿಗಳು ನನ್ನ ಮುಖ ನೋಡಿದರು. ಸಾಯಿಸುತ್ತಾರೆ ಎಂದೇ ಹೇಳಿದೆ. ಒಂದು ಪ್ರಯೋಗಕ್ಕೆ ಹಲವು ಇಲಿಗಳೇ ಬೇಕಾಗುತ್ತವೆ, ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯ ನಿಯಮಗಳಂತೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯಿಲ್ಲದೆ ಇದನ್ನು ಮಾಡುವಂತಿಲ್ಲ ಎಂದೂ ಹೇಳಿದೆ. ಹದಿನಾಲ್ಕು ವರ್ಷದವರು ಕೇಳಿದ ಇಂಥ ಪ್ರಶ್ನೆಗೆ ‘ಅದು ಆಮೇಲೆ’ ಎಂದು ದಾಟಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸಮ್ಮತವೇ ಅಲ್ಲವೇ ಎಂದು ತರಗತಿ ಐದು ನಿಮಿಷ ವಾದಿಸಿತು. ನಾನು ತೀರ್ಪು ಕೊಡಲಿಲ್ಲ.

ಎರಡನೆಯ ಅವಧಿಯದು ಒಂದೇ ಪ್ರಶ್ನೆ: ಬೇರ್ಪಡಿಸಿದ ಕೋಶ ಮೊದಲಿನಂತೆಯೇ ಇರುತ್ತದೆಯೇ? ಕೋಶಗಳ ಹಾಸಿನ ಎರಡು ಬದಿಗೆ ವಿದ್ಯುದಗ್ರವಿಟ್ಟು ರೋಧವನ್ನು ಅಳೆದರೆ ತಡೆಗೋಡೆ ಎಷ್ಟು ಬಿಗಿಯಿದೆ ಎಂದು ತಿಳಿಯುತ್ತದೆ. ಎಂಡೋಥೀಲಿಯಲ್ ಕೋಶಗಳನ್ನಷ್ಟೇ ಬೆಳೆಸಿದಾಗ ಬಿಗಿತ ಕಡಿಮೆ. ಸಣ್ಣ ರಂಧ್ರಗಳ ಪೊರೆಯ ಮೇಲ್ಬದಿಯಲ್ಲಿ ಅವನ್ನೂ ಕೆಳಬದಿಯಲ್ಲಿ ಪೆರಿಸೈಟನ್ನೂ ತಟ್ಟೆಯ ತಳದಲ್ಲಿ ಆಸ್ಟ್ರೋಸೈಟನ್ನೂ ಇಟ್ಟು ಬೆಳೆಸಿದಾಗ ರೋಧ ಏರುತ್ತದೆ. ಜಪಾನ್ ಮತ್ತು ಹಂಗೇರಿಯ ಸಂಶೋಧಕರು 2009ರಲ್ಲಿ ಇಲಿಯ ಕೋಶಗಳಿಂದ ಇಂಥ ಮೂವರ ಮಾದರಿಯನ್ನು ಪ್ರಕಟಿಸಿದರು. ಕೋಶವನ್ನು ಅರಿಯಲು ಅದನ್ನು ನೆರೆಯವರಿಂದ ಬಿಡಿಸಬೇಕು. ಬಿಡಿಸಿದ ಮೇಲೆ ಅದರ ಗುಣ ತಗ್ಗುತ್ತದೆ. ಮತ್ತೆ ನೆರೆಯವರನ್ನು ತಂದು ಕೂರಿಸಬೇಕು. ‘ಒಟ್ಟಾಗಿ ಕೆಲಸ ಮಾಡುವ ಕೋಶಗಳ ಗುಂಪು’ ಎಂಬ ಅಂಗಾಂಶದ ವ್ಯಾಖ್ಯೆಯನ್ನು ಇಲ್ಲಿಗೆ ಬಂದ ಮೇಲೆ ಮತ್ತೊಮ್ಮೆ ಓದಿಸಿದೆ. ಈ ಸಲ ‘ಒಟ್ಟಾಗಿ’ ಎಂಬ ಪದದ ಕೆಳಗೆ ಮಕ್ಕಳು ತಾವೇ ಗೆರೆ ಎಳೆದರು.

ಪ್ರಶಿಕ್ಷಣಾರ್ಥಿಗಳೊಂದಿಗಿನ ಚರ್ಚೆಗೆ ಒಂದು ವಿಷಯವನ್ನು ಉಳಿಸಿಕೊಂಡಿದ್ದೆ. 2012ರ ಸುಮಾರಿಗೆ ಮಾನವ ಆಕರಕೋಶಗಳಿಂದ ಮೆದುಳಿನ ಎಂಡೋಥೀಲಿಯಲ್ ಕೋಶಗಳಂಥವನ್ನು ಬೆಳೆಸುವ ವಿಧಾನ ಬಂತು. ಇಲಿ ಬೇಕಿಲ್ಲ, ರೋಧವೂ ಬಹಳ ಹೆಚ್ಚು. ಆದರೆ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳ ಜೀನ್‌ಗಳ ಚಟುವಟಿಕೆಯನ್ನು ನೋಡಿ, ಅವು ರಕ್ತನಾಳದ ಕೋಶಗಳಿಗಿಂತ ಅನುಲೇಪಕ ಕೋಶಗಳನ್ನೇ ಹೋಲುತ್ತವೆ ಎಂದಿತು. (ನಮ್ಮ ಪಠ್ಯಪುಸ್ತಕ ರಕ್ತನಾಳದ ಒಳಪದರವನ್ನೂ ಅನುಲೇಪಕದಲ್ಲೇ ಸೇರಿಸುತ್ತದೆ, ಸಂಶೋಧಕರು ಎರಡನ್ನೂ ಬೇರೆಯಾಗಿ ಕಾಣುತ್ತಾರೆ. ಶಿಕ್ಷಕರಿಗೆ ಇದು ತಿಳಿದಿರಬೇಕು.) ಬಿಗಿಯಾದ ಗೋಡೆ ಕಂಡೊಡನೆ ಅದು ಮೆದುಳಿನ ರಕ್ತನಾಳದ್ದೇ ಎನ್ನುವಂತಿಲ್ಲ.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ ಇಷ್ಟೇ: ‘ನಿನ್ನ ತಟ್ಟೆಯಲ್ಲಿರುವುದು ನೀನು ಹುಡುಕಿದ ಕೋಶವೇ ಎಂದು ಗೆಳೆಯನಿಗೆ ಒಪ್ಪಿಸಲು ಯಾವ ಎರಡು ಪರೀಕ್ಷೆ ಮಾಡುತ್ತೀ?’ ರೋಧ ಅಳೆಯುತ್ತೇನೆ ಎಂದು ಹೆಚ್ಚಿನವರು ಬರೆದರು. ವಿಷ ಹಾಕಿ ಬದುಕುತ್ತದೆಯೇ ನೋಡುತ್ತೇನೆ ಎಂದು ಕೆಲವರು. ಒಬ್ಬ ಹುಡುಗ, ಪಕ್ಕದಲ್ಲಿ ಆಸ್ಟ್ರೋಸೈಟ್ ಇಟ್ಟು ಬಿಗಿತ ಹೆಚ್ಚುತ್ತದೆಯೇ ನೋಡುತ್ತೇನೆ ಎಂದು ಬರೆದಿದ್ದ. ಪಾಠದಲ್ಲಿ ಇದನ್ನು ಪರೀಕ್ಷೆ ಎಂದು ನಾನು ಹೇಳಿರಲಿಲ್ಲ.