ನವೆಂಬರ್ ಒಂದಕ್ಕೆ ಅಂಥದ್ದೇನಿದೆ?

ಪ್ರಶ್ನೆ: ನವೆಂಬರ್ 1ರಂದು ನಮ್ಮ ರಾಜ್ಯವಷ್ಟೇ ಅಲ್ಲ, ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶ, ಹರಿಯಾಣ, ಛತ್ತೀಸಗಡಗಳೂ ಹುಟ್ಟಿದವು ಎಂದು ಓದಿದೆ. ಪುದುಚೇರಿಗೂ ಅಂದೇ ವಿಮೋಚನಾ ದಿನವಂತೆ. ವಿಕ್ಟೋರಿಯಾ ರಾಣಿಯ ಘೋಷಣೆ, ಲಿಸ್ಬನ್ ಭೂಕಂಪ, ಮೊದಲ ಹೈಡ್ರೋಜನ್ ಬಾಂಬ್ ಎಲ್ಲವೂ ಅದೇ ತಾರೀಖು. ಇದು ಬರೀ ಕಾಕತಾಳೀಯವೇ, ಅಥವಾ ಆ ದಿನಕ್ಕೆ ಏನಾದರೂ ವಿಶೇಷವಿದೆಯೇ? ಕರ್ನಾಟಕ ಎಂಬ ಹೆಸರು ಬಂದದ್ದೂ ಅಂದೇ ತಾನೇ?
– ಪದವಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿಮ್ಮ ಪಟ್ಟಿಯಲ್ಲಿರುವುದೆಲ್ಲ ನಿಜ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಹಾಗಿಲ್ಲ. ಕೆಲವು ತಾರೀಖುಗಳನ್ನು ಮನುಷ್ಯರು ಕೂತು ಗೊತ್ತುಮಾಡಿದ್ದಾರೆ, ಕೆಲವು ತಾವಾಗಿ ಬಂದಿವೆ. ಕಾಕತಾಳೀಯ ಎನ್ನುವ ಮಾತು ಎರಡನೆಯ ಬಗೆಗಷ್ಟೇ ಸಲ್ಲುತ್ತದೆ. ನೀವು ಕೊಟ್ಟ ಪಟ್ಟಿಯಲ್ಲಿ ಅಂಥವು ಕಡಿಮೆ.

ಮೊದಲು ರಾಜ್ಯಗಳ ವಿಷಯ. ಕರ್ನಾಟಕ, ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶ ಎಂದು ನಾಲ್ಕು ಘಟನೆಗಳನ್ನು ಎಣಿಸಿ ಆಶ್ಚರ್ಯಪಡಬೇಕಾಗಿಲ್ಲ. ನಾಲ್ಕೂ ಒಂದೇ ಕಾಯಿದೆಯ ಕೂಸುಗಳು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಮೂವರ ಆಯೋಗ 1955ರ ಸೆಪ್ಟೆಂಬರ್ ಕೊನೆಗೆ ವರದಿ ಕೊಟ್ಟಿತು. ಮರುವರ್ಷ ಆಗಸ್ಟ್ 31ಕ್ಕೆ ರಾಜ್ಯ ಪುನರ್ವಿಂಗಡಣಾ ಕಾಯಿದೆ ಬಂತು. ‘ಗೊತ್ತುಪಡಿಸಿದ ದಿನ’ ಎಂದರೆ 1956ರ ನವೆಂಬರ್ 1 ಎಂದು ಆ ಕಾಯಿದೆಯಲ್ಲೇ ಬರೆದಿದೆ. ಅಂದು ದೇಶದ ನಕ್ಷೆ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶಗಳಾಗಿ ಬದಲಾಯಿತು. ಹಳೆ ಮೈಸೂರಿಗೆ ಮುಂಬಯಿ ಪ್ರಾಂತದಿಂದ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಬಂದವು; ಹೈದರಾಬಾದಿನಿಂದ ಬೀದರ, ಗುಲ್ಬರ್ಗ, ರಾಯಚೂರು ಬಂದವು; ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಬಂದವು; ಕೊಡಗು ಇಡಿಯಾಗಿ ಸೇರಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಹೆಚ್ಚಿನವರಿಗೆ ನೆನಪಿಲ್ಲದ ಇನ್ನೊಂದು ಸಂಗತಿಯಿದೆ. ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮೀನ್‌ದೀವಿ ದ್ವೀಪಗಳು ಆ ದಿನವೇ ಜಿಲ್ಲೆಯ ಕೈತಪ್ಪಿ, ಇಂದಿನ ಲಕ್ಷದ್ವೀಪದ ಭಾಗವಾದವು. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ನವೆಂಬರ್ 1ನ್ನು ಕರಾಳ ದಿನವೆಂದು ಆಚರಿಸುವುದಕ್ಕೂ ಕಾರಣ ಇದೇ ಕಾಯಿದೆ.

ತಿಂಗಳ ಮೊದಲ ತಾರೀಖೇ ಯಾಕೆ? ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಪ್ರಶ್ನೆಯೇ ಅಲ್ಲ. ಒಂದು ಜಿಲ್ಲೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುತ್ತದೆಂದರೆ ನೌಕರರ ಸಂಬಳದ ಬಟವಾಡೆ, ಖಜಾನೆಯ ಲೆಕ್ಕ, ಪಿಂಚಣಿಯ ಹೊರೆ ಎಲ್ಲವೂ ಜೊತೆಗೇ ಹೋಗಬೇಕು. ತಿಂಗಳ ನಡುವೆ ಲೆಕ್ಕ ಕತ್ತರಿಸುವುದಕ್ಕಿಂತ ಹಳೆಯ ತಿಂಗಳು ಮುಗಿಸಿ ಹೊಸದರಲ್ಲಿ ಶುರುಮಾಡುವುದು ಲೇಸು. ಇದು ನನ್ನ ಊಹೆ, ಆದರೆ ಉಳಿದ ತಾರೀಖುಗಳು ಊಹೆಗೆ ಬೆಂಬಲವಾಗಿ ನಿಂತಿವೆ. ಆಂಧ್ರ ರಾಜ್ಯ ಹುಟ್ಟಿದ್ದು, ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಮಹಾರಾಷ್ಟ್ರ, ಗುಜರಾತ್ ಬೇರೆಯಾದದ್ದು 1960ರ ಮೇ 1ಕ್ಕೆ. ನಾಗಾಲ್ಯಾಂಡ್ ಆದದ್ದು 1963ರ ಡಿಸೆಂಬರ್ 1ಕ್ಕೆ. ಹರಿಯಾಣ, ಪಂಜಾಬು, ಚಂಡೀಗಡಗಳನ್ನು 1966ರಲ್ಲಿ ಬೇರ್ಪಡಿಸುವಾಗ ಮತ್ತೆ ನವೆಂಬರ್ 1 ಬಂತು. 2000ದಲ್ಲಿ ಮೂರು ರಾಜ್ಯಗಳು ಒಂದೇ ತಿಂಗಳಲ್ಲಿ ಹುಟ್ಟಿದವು. ಛತ್ತೀಸಗಡಕ್ಕೆ ಮೂಲ ರಾಜ್ಯವಾದ ಮಧ್ಯಪ್ರದೇಶದ ಹುಟ್ಟುದಿನವೇ ಸಿಕ್ಕಿತು. ಉತ್ತರಾಂಚಲಕ್ಕೆ 9ನೇ ತಾರೀಖು, ಜಾರ್ಖಂಡಕ್ಕೆ ಬಿರ್ಸಾ ಮುಂಡಾ ಜಯಂತಿಯಾದ 15. ಹೀಗೆ ಗೊತ್ತುಮಾಡಿದ ದಿನಗಳಲ್ಲಿ ಕಾಗೆಯೂ ಇಲ್ಲ, ತಾಳೆಯೂ ಇಲ್ಲ.

ತಾರೀಖಿನ ಹುಚ್ಚು ನಮಗೆ ಈಚಿನದು ಎಂಬುದನ್ನೂ ಹೇಳಬೇಕು. 1956ರ ನವೆಂಬರ್ 1 ದೀಪಾವಳಿಯ ಆಸುಪಾಸಿನಲ್ಲೇ ಬಂದಿತ್ತು. ತಿಥಿಯ ಪ್ರಕಾರ ರಾಜ್ಯೋತ್ಸವ ಮಾಡುವ ಪದ್ಧತಿ ಇದ್ದಿದ್ದರೆ ಪ್ರತಿವರ್ಷವೂ ಹಣತೆ ಹಚ್ಚುವ ಹೊತ್ತಿಗೇ ಬಾವುಟ ಹಾರುತ್ತಿತ್ತು, ಲಿಸ್ಬನ್ನಿಗೂ ನಮಗೂ ಯಾವ ನಂಟೂ ಕಾಣುತ್ತಿರಲಿಲ್ಲ.

ಲಿಸ್ಬನ್ ಭೂಕಂಪ ನಿಮ್ಮ ಪ್ರಶ್ನೆಗೆ ಬೇರೆಯದೇ ತಿರುವು ಕೊಡುತ್ತದೆ. ಭೂಮಿ ಪಂಚಾಂಗ ನೋಡಿ ನಡುಗುವುದಿಲ್ಲ. ಆದರೆ 1755ರ ನವೆಂಬರ್ 1ರಂದು ಸತ್ತವರ ಲೆಕ್ಕಕ್ಕೂ ಆ ತಾರೀಖಿಗೂ ಸಂಬಂಧವಿದೆ. ಕ್ಯಾಥೊಲಿಕರಿಗೆ ಅದು ಸಕಲ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು, ಊರಿನ ಜನ ಚರ್ಚುಗಳಲ್ಲಿ ಬಲಿಪೂಜೆಗೆ ಸೇರಿದ್ದರು. ಕಲ್ಲಿನ ಕಮಾನುಗಳು ಅವರ ತಲೆಯ ಮೇಲೆ ಕುಸಿದವು. ಹಬ್ಬಕ್ಕೆಂದು ಹಚ್ಚಿದ್ದ ಮೇಣದಬತ್ತಿಗಳು ಉರುಳಿ ಬೆಂಕಿ ಎದ್ದಿತು, ಅದು ದಿನಗಟ್ಟಲೆ ಉರಿಯಿತು. ಬದುಕುಳಿದವರು ಬಯಲು ಹುಡುಕಿಕೊಂಡು ನದಿಯ ದಂಡೆಗೆ ಓಡಿದರು, ಅಲ್ಲಿ ಸಮುದ್ರದ ನೀರು ಹಿಂದೆ ಸರಿದು ತಳ ಕಾಣಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಸುನಾಮಿಯ ಅಲೆಗಳು ಬಂದವು. ಸತ್ತವರು ಸುಮಾರು 30 ಸಾವಿರದಿಂದ 50 ಸಾವಿರ ಎಂಬ ಅಂದಾಜಿದೆ. ಹಬ್ಬವಿಲ್ಲದ ದಿನ ಇದೇ ಭೂಕಂಪ ಆಗಿದ್ದರೆ ಇಷ್ಟು ಜನ ಒಂದೇ ಹೊತ್ತಿಗೆ ಚರ್ಚಿನೊಳಗೆ ಇರುತ್ತಿರಲಿಲ್ಲ, ಇಷ್ಟು ಬತ್ತಿಗಳೂ ಉರಿಯುತ್ತಿರಲಿಲ್ಲ. ದೇವರ ಹಬ್ಬದ ದಿನ, ದೇವರ ಮನೆಯಲ್ಲೇ, ಪ್ರಾರ್ಥಿಸುತ್ತಿದ್ದವರೇ ಸತ್ತರಲ್ಲ ಎಂಬ ಮಾತು ಯುರೋಪಿನ ಪಂಡಿತರನ್ನು ಬಹಳ ಕಾಲ ಕಾಡಿತು. ವಾಲ್ಟೇರ್ ಪದ್ಯ ಬರೆದ. ಕಾಂಟ್ ಭೂಕಂಪದ ನೈಸರ್ಗಿಕ ಕಾರಣ ಹುಡುಕುತ್ತ ಲೇಖನಗಳನ್ನು ಬರೆದ. ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ ಊರೂರಿನ ಪಾದ್ರಿಗಳಿಗೆ ಪ್ರಶ್ನಾವಳಿ ಕಳಿಸಿ ನಡುಕ ಎಷ್ಟು ಹೊತ್ತು ಇತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ ಎಂದೆಲ್ಲ ಕೇಳಿದ. ಭೂಕಂಪ ಶಾಸ್ತ್ರ ಆ ಪ್ರಶ್ನಾವಳಿಯಿಂದ ಶುರುವಾಯಿತು ಎನ್ನುವವರಿದ್ದಾರೆ.

ಇದೇ ಹಬ್ಬದಿಂದಾಗಿ ನವೆಂಬರ್ 1ಕ್ಕೆ ಇನ್ನಷ್ಟು ಘಟನೆಗಳು ಬಂದು ಸೇರಿವೆ. ಮೈಕೆಲೇಂಜೆಲೊ ಬಿಡಿಸಿದ ಸಿಸ್ಟೀನ್ ಪ್ರಾರ್ಥನಾ ಮಂದಿರದ ಚಾವಣಿಯನ್ನು 1512ರಲ್ಲಿ ಜನರಿಗೆ ತೆರೆದು ತೋರಿಸಿದ್ದು ಸಕಲ ಸಂತರ ಹಬ್ಬಕ್ಕೆ. ಇಂಗ್ಲೆಂಡಿನ ಅರಮನೆಯಲ್ಲಿ ಚಳಿಗಾಲದ ನಾಟಕಗಳು ಶುರುವಾಗುತ್ತಿದ್ದದ್ದೂ ಆಗಲೇ. ಶೇಕ್ಸ್‌ಪಿಯರನ ‘ಒಥೆಲೊ’ 1604ರಲ್ಲಿ, ‘ಟೆಂಪೆಸ್ಟ್’ 1611ರಲ್ಲಿ, ಎರಡೂ ನವೆಂಬರ್ 1ರಂದೇ ಆಸ್ಥಾನದಲ್ಲಿ ಪ್ರದರ್ಶನಗೊಂಡ ದಾಖಲೆಯಿದೆ. ಆದರೆ ಹುಷಾರಾಗಿರಿ. ಶೇಕ್ಸ್‌ಪಿಯರನ ಇಂಗ್ಲೆಂಡಿನ ನವೆಂಬರ್ 1 ಹಳೆಯ ಜೂಲಿಯನ್ ಕ್ಯಾಲೆಂಡರಿನದು, ರೋಮ್, ಲಿಸ್ಬನ್ನುಗಳಲ್ಲಿ ಆ ಹೊತ್ತಿಗೆ ಹತ್ತು ದಿನ ಮುಂದೆ ಹೋಗಿತ್ತು. ಶೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದೇ ತೀರಿಕೊಂಡರೆಂಬ ಜನಪ್ರಿಯ ಮಾತಿನ ತೊಡಕೂ ಇದೇ: ತಾರೀಖು ಒಂದೇ, ದಿನ ಬೇರೆ. ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ. ಲಿಸ್ಬನ್ ಭೂಕಂಪ ನಾಲ್ಕು ವರ್ಷ ಮೊದಲೇ ಆಗಿದ್ದರೆ ಲಂಡನ್ನಿನವರ ಪಾಲಿಗೆ ಅದು ಅಕ್ಟೋಬರ್ 21ರ ಸುದ್ದಿ.

ಹೈಡ್ರೋಜನ್ ಬಾಂಬಿನ ತಕರಾರು ಕ್ಯಾಲೆಂಡರಿನದಲ್ಲ, ಗಡಿಯಾರದ್ದು. ಪೆಸಿಫಿಕ್ ಸಾಗರದ ಎನಿವೆಟಾಕ್‌ನಲ್ಲಿ ಅಮೆರಿಕ ಅದನ್ನು ಸಿಡಿಸಿದಾಗ ಅಲ್ಲಿ 1952ರ ನವೆಂಬರ್ 1ರ ಬೆಳಿಗ್ಗೆ ಏಳೂಕಾಲು. ಹತ್ತು ಮೆಗಾಟನ್ನಿಗೂ ಮಿಕ್ಕಿದ ಸ್ಫೋಟಕ್ಕೆ ಎಲುಗೆಲಾಬ್ ಎಂಬ ಪುಟ್ಟ ದ್ವೀಪ ಹೇಳಹೆಸರಿಲ್ಲದೆ ಹೋಯಿತು. ಆಜ್ಞೆ ಕೊಟ್ಟ ವಾಷಿಂಗ್ಟನ್ನಿನಲ್ಲಿ ಆಗಿನ್ನೂ ಅಕ್ಟೋಬರ್ 31ರ ಮಧ್ಯಾಹ್ನ. ನಮ್ಮಲ್ಲಿ ನವೆಂಬರ್ 1 ಹುಟ್ಟಿ ಮುಕ್ಕಾಲು ಗಂಟೆಯಾಗಿತ್ತು. ಇದನ್ನು ಪಟ್ಟಿಗೆ ಸೇರಿಸಬೇಕೋ ಬಿಡಬೇಕೋ ನೀವೇ ತೀರ್ಮಾನಿಸಿ.

ರಾಣಿಯ ಘೋಷಣೆಯದು ಗೊತ್ತುಮಾಡಿದ ದಿನ. ಕಂಪನಿ ಸರ್ಕಾರ ಮುಗಿಸುವ ಕಾಯಿದೆ 1858ರ ಆಗಸ್ಟ್‌ನಲ್ಲೇ ಲಂಡನ್ನಿನಲ್ಲಿ ಆಗಿತ್ತು. ನವೆಂಬರ್ 1ಕ್ಕೆ ಗವರ್ನರ್ ಜನರಲ್ ಕ್ಯಾನಿಂಗ್ ಅಲಹಾಬಾದಿನಲ್ಲಿ ದರ್ಬಾರು ನಡೆಸಿ ಅದನ್ನು ಸಾರಿದ. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ಪಾಲುಗೊಂಡವರನ್ನು ಬಿಟ್ಟು ಉಳಿದ ಬಂಡಾಯಗಾರರಿಗೆ ಕ್ಷಮಾದಾನ ಎಂದು ಅದರಲ್ಲಿತ್ತು. ನಮ್ಮಲ್ಲಿ ಬಂಡೆದ್ದಿದ್ದ ನರಗುಂದದ ಬಾಬಾಸಾಹೇಬನನ್ನು ಅಷ್ಟರಲ್ಲಾಗಲೇ, ಜೂನ್ 12ರಂದು, ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಆಗಿತ್ತು.

ಇನ್ನು ಪುದುಚೇರಿ. ನಿಮ್ಮ ಪಟ್ಟಿಯಲ್ಲಿಲ್ಲದ ಅದರ ಜೋಡಿ ಘಟನೆ ಒಂದಿದೆ. ನನ್ನ ಲೆಕ್ಕದಲ್ಲಿ ನವೆಂಬರ್ 1ರ ನಿಜವಾದ ಸೋಜಿಗ ಅದೊಂದೇ, ಯಾಕೆಂದರೆ ಅಲ್ಲಿ ತಾರೀಖಷ್ಟೇ ಅಲ್ಲ, ವರ್ಷವೂ ಒಂದೇ, ಆಳುತ್ತಿದ್ದ ದೊರೆಯೂ ಒಬ್ಬನೇ.

1954ರಲ್ಲಿ ಫ್ರಾನ್ಸಿಗೆ ವಿಯೆಟ್ನಾಂ ಕೈಬಿಟ್ಟುಹೋಗಿತ್ತು. ಮೇ 7ರಂದು ದಿಯೆನ್ ಬಿಯೆನ್ ಫು ಬಿತ್ತು. ಜೂನ್‌ನಲ್ಲಿ ಪ್ರಧಾನಿಯಾದ ಪಿಯೆರ್ ಮೆಂಡೆಸ್ ಫ್ರಾನ್ಸ್ ಜುಲೈಯಲ್ಲಿ ಜಿನೀವಾ ಒಪ್ಪಂದ ಮಾಡಿಕೊಂಡರು. ಪುದುಚೇರಿ, ಕಾರೈಕಲ್, ಮಾಹೆ, ಯಾನಂಗಳ ಮಾತು ಬಂದದ್ದು ಅದರ ಬೆನ್ನಿಗೇ. ಅಕ್ಟೋಬರ್ 18ರಂದು ಕೀಳೂರು ಎಂಬ ಸಣ್ಣ ಹಳ್ಳಿಯಲ್ಲಿ ಜನಪ್ರತಿನಿಧಿಗಳು ಸೇರಿದರು. ಮತ ಹಾಕಿದವರು 178 ಜನ. ಭಾರತಕ್ಕೆ ಸೇರಬೇಕೆಂದವರು 170, ಬೇಡವೆಂದವರು 8. ಮೂರು ದಿನದಲ್ಲಿ ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ನವೆಂಬರ್ 1ಕ್ಕೆ ಆಡಳಿತ ಭಾರತದ ಕೈಗೆ ಬಂತು. 1674ರಿಂದ ಫ್ರೆಂಚರು ನೆಲೆಯೂರಿದ್ದ ಊರಿನಲ್ಲಿ ಬಾವುಟ ಬದಲಾಯಿತು, ಗುಂಡು ಹಾರಲಿಲ್ಲ.

ಆ ದಿನ ಬೆಳಗಾಗುವ ಮೊದಲೇ, ಅಕ್ಟೋಬರ್ 31ರ ಮಧ್ಯರಾತ್ರಿ ಕಳೆದ ಮೇಲೆ, ಅದೇ ಫ್ರಾನ್ಸಿನ ಅಲ್ಜೀರಿಯಾದಲ್ಲಿ ಪೊಲೀಸ್ ಠಾಣೆ, ಸೈನಿಕ ನೆಲೆ, ಉಗ್ರಾಣಗಳ ಮೇಲೆ ಹತ್ತಾರು ಕಡೆ ದಾಳಿಗಳಾದವು. ಮಾಡಿಸಿದ್ದು ಹೊಸದಾಗಿ ಹುಟ್ಟಿದ್ದ ರಾಷ್ಟ್ರೀಯ ವಿಮೋಚನಾ ರಂಗ. ಸಕಲ ಸಂತರ ಹಬ್ಬದ ರಜೆಯಲ್ಲಿ ಫ್ರೆಂಚರು ಮೈಮರೆತಿರುತ್ತಾರೆಂದು ಅವರು ಆ ರಾತ್ರಿಯನ್ನು ಆರಿಸಿದ್ದರು. ಫ್ರೆಂಚರು ಅದನ್ನು ‘ಕೆಂಪು ಸಕಲ ಸಂತರ ದಿನ’ ಎಂದೇ ಕರೆದರು. ಸೈನ್ಯದ ದೃಷ್ಟಿಯಿಂದ ನೋಡಿದರೆ ಬಹುಪಾಲು ದಾಳಿಗಳು ಠುಸ್ಸೆಂದವು, ಸತ್ತವರು ಹತ್ತು ಜನರೊಳಗೆ. ಔರೆಸ್ ಗುಡ್ಡಗಳ ದಾರಿಯಲ್ಲಿ ಬಸ್ಸೊಂದನ್ನು ಅಡ್ಡಗಟ್ಟಿದಾಗ ಫ್ರಾನ್ಸಿನಿಂದ ಬಂದಿದ್ದ ಒಬ್ಬ ಎಳೆಯ ಶಾಲಾ ಮೇಷ್ಟ್ರು ಗುಂಡಿಗೆ ಬಲಿಯಾದರು. ಕೈರೋ ರೇಡಿಯೊ ರಂಗದ ಘೋಷಣೆಯನ್ನು ಬಿತ್ತರಿಸಿತು. ಯುದ್ಧ ಶುರುವಾಯಿತೆಂದು ಪ್ಯಾರಿಸ್ಸಿನಲ್ಲಿ ಆ ದಿನ ಯಾರಿಗೂ ಅನ್ನಿಸಿದಂತಿಲ್ಲ.

ಪುದುಚೇರಿಯನ್ನು ನಗುನಗುತ್ತ ಬಿಟ್ಟುಕೊಟ್ಟ ಅದೇ ಮೆಂಡೆಸ್ ಫ್ರಾನ್ಸ್ ಹನ್ನೊಂದು ದಿನ ಕಳೆದು ಸಂಸತ್ತಿನಲ್ಲಿ ಎದ್ದುನಿಂತು, ಅಲ್ಜೀರಿಯಾ ಫ್ರಾನ್ಸಿನದೇ ಭಾಗ, ಅದು ಬೇರೆಯಾಗುವ ಮಾತೇ ಇಲ್ಲವೆಂದರು. ಕಾರಣ ಸಿದ್ಧಾಂತವಲ್ಲ, ಲೆಕ್ಕ. ಭಾರತದಲ್ಲಿದ್ದದ್ದು ನಾಲ್ಕು ಚೂರು ನೆಲ, ಅಲ್ಲಿ ಫ್ರೆಂಚರು ಬೆರಳೆಣಿಕೆಯಷ್ಟು. ಅಲ್ಜೀರಿಯಾದಲ್ಲಿ ನೆಲೆಸಿದ್ದ ಯುರೋಪಿಯನ್ನರು ಹತ್ತಿರ ಹತ್ತಿರ ಹತ್ತು ಲಕ್ಷ. ಒಂದನ್ನು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು, ಇನ್ನೊಂದಕ್ಕಾಗಿ ಏಳೂವರೆ ವರ್ಷ ಕಾದಾಡಿದರು. ಈ ಎರಡು ಎಳೆಗಳು ಮುಂದೆ ಮತ್ತೆ ಕೂಡುತ್ತವೆ. ಪುದುಚೇರಿಯ ಹಸ್ತಾಂತರಕ್ಕೆ 1956ರ ಮೇ 28ರಂದೇ ಒಪ್ಪಂದವಾಗಿದ್ದರೂ ಫ್ರೆಂಚ್ ಸಂಸತ್ತು ಅದಕ್ಕೆ ಮುದ್ರೆಯೊತ್ತದೆ ಇಟ್ಟುಕೊಂಡಿತ್ತು. ಅಲ್ಜೀರಿಯಾ 1962ರ ಜುಲೈ 5ರಂದು ಸ್ವತಂತ್ರವಾಯಿತು. ಪುದುಚೇರಿ ಕಾನೂನಿನ ಪ್ರಕಾರ ಭಾರತದ್ದಾದದ್ದು ಅದೇ ವರ್ಷ ಆಗಸ್ಟ್ 16ಕ್ಕೆ. ಇಂದು ನವೆಂಬರ್ 1 ಪುದುಚೇರಿಗೆ ವಿಮೋಚನಾ ದಿನ, ಅಲ್ಜೀರಿಯಾಕ್ಕೆ ಕ್ರಾಂತಿಯ ದಿನ, ಎರಡೂ ಕಡೆ ಸರ್ಕಾರಿ ರಜೆ.

ಉಳಿದದ್ದು ನಿಮ್ಮ ಕೊನೆಯ ಪ್ರಶ್ನೆ. ತಾರೀಖು ಹೌದು, ವರ್ಷ ಅಲ್ಲ. 1956ರಲ್ಲಿ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದದ್ದು ‘ಮೈಸೂರು’ ರಾಜ್ಯಕ್ಕೆ. ಮುಂಬಯಿ, ಹೈದರಾಬಾದು ಕಡೆಯಿಂದ ಬಂದ ಕನ್ನಡಿಗರು ತಮ್ಮದಲ್ಲದ ಒಂದು ಸಂಸ್ಥಾನದ ಹೆಸರನ್ನು ಹದಿನೇಳು ವರ್ಷ ಹೊತ್ತರು. ದೇವರಾಜ ಅರಸು ಅವರ ಕಾಲದಲ್ಲಿ, 1973ರ ನವೆಂಬರ್ 1ರಂದು, ‘ಕರ್ನಾಟಕ’ ಎಂಬ ಹೆಸರು ಜಾರಿಗೆ ಬಂತು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ 1956ಕ್ಕೆ ಏಕೀಕರಣ, 1973ಕ್ಕೆ ನಾಮಕರಣ ಎಂದು ಬೇರೆ ಬೇರೆಯಾಗಿಯೇ ಬರೆಯಿರಿ. ಮಕ್ಕಳು ಅಂಕ ಕಳೆದುಕೊಳ್ಳುವುದು ಅಲ್ಲೇ.